ಸುದೀರ್ಘ ಗಮನದ ಅಧ್ಯಯನ: ಇಇಜಿ, ಎಫ್‌ಎಂಆರ್‌ಐ ಎರಡನ್ನೂ ಏಕಕಾಲಕ್ಕೆ ದಾಖಲಿಸಲೇಬೇಕೇ?

ಪ್ರಶ್ನೆ:
ನಮಸ್ಕಾರ. ಅರ್ಧ ಗಂಟೆ ಒಂದೇ ಕೆಲಸದ ಮೇಲೆ ಗಮನವಿಟ್ಟಾಗ ಮಿದುಳಿನಲ್ಲಾಗುವ ಬದಲಾವಣೆಗಳನ್ನು ಅಳೆಯುವ ಪ್ರಯೋಗವೊಂದನ್ನು ಯೋಜಿಸುತ್ತಿದ್ದೇನೆ. ತೆರೆಯ ಮೇಲೆ ಒಂದರ ಹಿಂದೊಂದರಂತೆ ಅಂಕಿಗಳು ಮೂಡುತ್ತವೆ. ಪ್ರತಿಯೊಂದಕ್ಕೂ ಗುಂಡಿ ಒತ್ತಬೇಕು, 3 ಬಂದಾಗ ಮಾತ್ರ ಒತ್ತಬಾರದು. ಎಫ್‌ಎಂಆರ್‌ಐ (ರಕ್ತದ ಆಮ್ಲಜನಕದ ಬದಲಾವಣೆಯ ಮೂಲಕ ಮಿದುಳಿನ ಚಟುವಟಿಕೆಯನ್ನು ಚಿತ್ರಿಸುವ ವಿಧಾನ) ಸ್ಕ್ಯಾನರಿನೊಳಗೆ ಇಇಜಿ (ನೆತ್ತಿಯ ಮೇಲಿಂದ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಅಳೆಯುವ ವಿಧಾನ) ಸಂಕೇತ ಕೆಡುತ್ತದೆಯಾದ್ದರಿಂದ, ಎರಡನ್ನೂ ಬೇರೆ ಬೇರೆ ದಿನ ದಾಖಲಿಸಿ ಆಮೇಲೆ ಹೊಂದಿಸಿದರೆ ಸಾಲದೇ?

ಉತ್ತರ 1:
ನೀವು ಏನನ್ನು ತಿಳಿಯಬಯಸುತ್ತೀರಿ ಎಂಬುದರ ಮೇಲೆ ಅದು ನಿಂತಿದೆ. ಮೊದಲ ಹತ್ತು ನಿಮಿಷಕ್ಕೂ ಕೊನೆಯ ಹತ್ತು ನಿಮಿಷಕ್ಕೂ ಇರುವ ಸರಾಸರಿ ವ್ಯತ್ಯಾಸವಷ್ಟೇ ಸಾಕಾದರೆ ಬೇರೆ ದಿನಗಳಲ್ಲಿ ದಾಖಲಿಸುವುದೇ ಮೇಲು; ಇಇಜಿ ಶುದ್ಧವಾಗಿ ಸಿಗುತ್ತದೆ. ಆದರೆ ಗಮನ ಜಾರುವ ಕ್ಷಣವೇ ನಿಮ್ಮ ವಿಷಯವಾಗಿದ್ದರೆ ಆ ದಾರಿ ಮುಚ್ಚಿದಂತೆಯೇ, ಏಕೆಂದರೆ ಸೋಮವಾರ ಜಾರಿದ ಗಮನ ಬುಧವಾರ ಅದೇ ಅಂಕಿಯ ಬಳಿ ಜಾರುವುದಿಲ್ಲ. ಇಇಜಿ ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಬದಲಾವಣೆಯನ್ನು ಹಿಡಿಯುತ್ತದೆ. ಎಫ್‌ಎಂಆರ್‌ಐ ಅಳೆಯುವ ರಕ್ತದ ಆಮ್ಲಜನಕದ ಪ್ರತಿಕ್ರಿಯೆ ಸುಮಾರು 5–6 ಸೆಕೆಂಡುಗಳ ನಂತರ ಶಿಖರ ಮುಟ್ಟುತ್ತದೆ. ಆ ವಿಳಂಬವನ್ನು ಲೆಕ್ಕಕ್ಕೆ ತೆಗೆದುಕೊಂಡು ಇಇಜಿಯಲ್ಲಿ ಕಾಣುವ ಮಿದುಳಿನ ಲಯಗಳಲ್ಲೊಂದಾದ ಆಲ್ಫಾ ಅಲೆಗಳ ಏರಿಳಿತವನ್ನು ಸ್ಕ್ಯಾನ್ ದತ್ತಾಂಶದೊಂದಿಗೆ ಹೋಲಿಸಬೇಕಾದರೆ ಎರಡೂ ಒಂದೇ ಕಾಲದವಾಗಿರಬೇಕು.

ಉತ್ತರ 2:
ಸಂಕೇತ ಕೆಡುವ ಬಗ್ಗೆ ಒಂದು ಮಾತು. ಸ್ಕ್ಯಾನರಿನ ಕಾಂತಕ್ಷೇತ್ರವನ್ನು ಕ್ಷಿಪ್ರವಾಗಿ ಬದಲಿಸುವ ಗ್ರೇಡಿಯಂಟ್ ಸುರುಳಿಗಳ ವಿದ್ಯುತ್ ಗದ್ದಲ ಇಇಜಿಗಿಂತ ಬಹಳ ದೊಡ್ಡದಾದರೂ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಆಕಾರದಲ್ಲಿ ಬರುತ್ತದೆ. ಇಇಜಿ ಯಂತ್ರದ ಗಡಿಯಾರವನ್ನು ಸ್ಕ್ಯಾನರಿನೊಂದಿಗೆ ಜೋಡಿಸಿ, ಸೆಕೆಂಡಿಗೆ 5000 ಮಾದರಿಗಳಂತೆ ದಾಖಲಿಸಿದರೆ ಅದರ ಸರಾಸರಿ ರೂಪವನ್ನು ಕಳೆಯಬಹುದು. ನಿಜವಾದ ತೊಡಕು ನಾಡಿಬಡಿತದ್ದು. ಕಾಂತಕ್ಷೇತ್ರದಲ್ಲಿ ಪ್ರತಿ ಬಡಿತಕ್ಕೂ ನೆತ್ತಿಯ ಮೇಲಿನ ವಿದ್ಯುದ್ವಾರಗಳು ಅಲುಗಿ ಹುಟ್ಟುವ ಈ ಗದ್ದಲ ಬಡಿತದಿಂದ ಬಡಿತಕ್ಕೆ ಬದಲಾಗುತ್ತದೆ, ಮತ್ತು ಗಮನದ ಅಧ್ಯಯನಕ್ಕೆ ಮುಖ್ಯವಾದ, ಆಲ್ಫಾಕ್ಕಿಂತ ನಿಧಾನವಾದ ಥೀಟಾ ಅಲೆಗಳ ಮೇಲೆಯೇ ಬಂದು ಕೂರುತ್ತದೆ. ಆದ್ದರಿಂದ ಇಸಿಜಿಯನ್ನು ತಪ್ಪದೆ ಜೊತೆಗೆ ದಾಖಲಿಸಿ. ತಂತಿಗಳು ಬಿಸಿಯಾಗಿ ಚರ್ಮ ಸುಡುವ ಅಪಾಯವಿರುವುದರಿಂದ ಎಂಆರ್‌ಐಗೆಂದೇ ತಯಾರಾದ ಟೋಪಿಯನ್ನಲ್ಲದೆ ಬೇರೆಯದನ್ನು ಒಳಗೆ ಒಯ್ಯಲೇಬೇಡಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಗಮನ ಜಾರುವ ಕ್ಷಣವೇ ನನ್ನ ವಿಷಯ. ಎಫ್‌ಎಂಆರ್‌ಐ ಬದಲು ಎಫ್‌ನಿರ್ಸ್ (ತಲೆಯ ಮೇಲಿಂದ ಬೆಳಕು ಹಾಯಿಸಿ ಮಿದುಳಿನ ರಕ್ತದ ಆಮ್ಲಜನಕವನ್ನು ಅಳೆಯುವ ವಿಧಾನ) ಬಳಸಬಹುದೇ?

ಉತ್ತರ 3:
ಬಳಸಬಹುದು, ಕುಳಿತೇ ಅಳೆಯಬಹುದು, ಸ್ಕ್ಯಾನರಿನ ಸದ್ದೂ ಇರುವುದಿಲ್ಲ. ಆದರೆ ಆ ಬೆಳಕು ತಲುಪುವುದು ಮಿದುಳಿನ ಹೊರಪದರವಾದ ತೊಗಟೆಯ ಹೊರಭಾಗವನ್ನು ಮಾತ್ರ. ಎಚ್ಚರವನ್ನು ನಿಯಂತ್ರಿಸುವಲ್ಲಿ ಪಾಲಿರುವ, ಮಿದುಳಿನ ಆಳದಲ್ಲಿರುವ ಥಲಾಮಸ್ ಆಗಲಿ, ಮನಸ್ಸು ಅಲೆದಾಡುವಾಗ ಚುರುಕಾಗುವ ಜಾಲದ ಒಳಮಗ್ಗುಲಿನ ಹಿಂಭಾಗವಾಗಲಿ ಅದಕ್ಕೆ ಕಾಣುವುದಿಲ್ಲ. ಯಾವುದನ್ನು ಆರಿಸಿದರೂ ಕಣ್ಣಿನ ಕ್ಯಾಮೆರಾ ಇರಲಿ: ಕಣ್ಣು ಮುಚ್ಚಿದರೂ ಆಲ್ಫಾ ಏರುತ್ತದೆ, ನಿದ್ರೆಗೆ ಜಾರಿದಾಗ ಅದು ಇಳಿದು ಥೀಟಾ ಏರುತ್ತದೆ, ಇವೆರಡನ್ನೂ ಗಮನ ಜಾರುವಿಕೆಯಿಂದ ಬೇರ್ಪಡಿಸದಿದ್ದರೆ ತೂಕಡಿಕೆಯನ್ನೇ ಗಮನದ ಕುಸಿತವೆಂದು ಎಣಿಸುವಿರಿ.