34ನೇ ವಾರ: ಒದೆತ ಮೆತ್ತಗಾಗಿದೆ, ಏನು ನೋಡಬೇಕು?

ಡೊಂಬಿವಲಿಯಿಂದ ಕೇಳಿದ್ದು: ಚೊಚ್ಚಲು, 34 ವಾರ. ಪಕ್ಕೆಗೆ ಝಾಡಿಸುತ್ತಿದ್ದ ಕೂಸು ಈಗ ಮೆಲ್ಲಗೆ ಹೊರಳುತ್ತೆ ಅಷ್ಟೇ. ಸ್ಕ್ಯಾನಿನಲ್ಲಿ ಮಾಸು ಮುಂದುಗಡೆ ಇದೆ, ಕೂಸಿನ ಸುತ್ತಲ ನೀರಿನ ಅಳತೆ, ಅಂದರೆ ಎಎಫ್‌ಐ, 9 ಸೆಂ.ಮೀ. ಅಂತ ಬರೆದಿದ್ದಾರೆ. ಮುಂಬೈನ ದಾದರ್‌ಗೆ ಲೋಕಲ್ ರೈಲಿನಲ್ಲಿ ಹೋಗಿಬರುವಾಗ ಏನೂ ಗೊತ್ತಾಗಲ್ಲ. "ಜಾಗ ಇಕ್ಕಟ್ಟಾಯ್ತು, ಅದಕ್ಕೇ ಕಮ್ಮಿ" ಅಂತಾರೆ ಅತ್ತೆ. ಹೌದಾ?

ಪುಣೆಯಿಂದ: ಬಿರುಸು ಇಳಿಯೋದು ಹೌದು ತಂಗಿ, ಮಿಸುಕಾಟವೇ ಕಮ್ಮಿಯಾಗೋದು ಸರಿಯಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2018ರಲ್ಲಿ ಎಂಆರ್‌ಐ ಚಿತ್ರಗಳಿಂದ ಒದೆತದ ಬಲ ಲೆಕ್ಕಹಾಕಿದರು: 20 ವಾರಕ್ಕೆ 29 ನ್ಯೂಟನ್, 30ಕ್ಕೆ 47, 35ಕ್ಕೆ ಬರೀ 17. ಕಾಲು ಚಾಚಲು ಜಾಗವಿಲ್ಲದೆ ಒದೆತ ಹೋಗಿ ಹೊರಳು, ನೂಕು ಆಗುತ್ತೆ. ಆದರೆ 32 ವಾರದ ಹೊತ್ತಿಗೆ ಎಷ್ಟು ಸಲ ಆಡುತ್ತಿತ್ತೋ, ಹೆರಿಗೆಯ ದಿನದವರೆಗೂ ಹೆಚ್ಚುಕಮ್ಮಿ ಅಷ್ಟೇ ಆಡಬೇಕು. ನೀರು 5ರಿಂದ 25ರೊಳಗಿದ್ದರೆ ಸರಿ. ನಿಮ್ಮ 9ಕ್ಕೆ ತೊಂದರೆಯಿಲ್ಲ. 5ಕ್ಕಿಂತ ಇಳಿದರೆ ಕೈಕಾಲು ಬೀಸಲಾಗದು, ಸೊಂಟದ ಕೀಲು ಸರಿಯಾಗಿ ಕೂರದಿರುವ ಅಪಾಯವೂ ಹೆಚ್ಚು.

ಮಾಟುಂಗಾದಿಂದ: ಮಾಸು ಮುಂದಿದ್ದರೆ ಹೊಟ್ಟೆಗೆ ದಿಂಬು ಇಟ್ಟ ಹಾಗೆ. ನಡುಹೊಟ್ಟೆ ಬಿಟ್ಟು ಪಕ್ಕಗಳಲ್ಲಿ, ಕಿಬ್ಬೊಟ್ಟೆಯಲ್ಲಿ ಕೈಯಿಟ್ಟು ನೋಡಿ. ಲೋಕಲ್‌ನ ಕುಲುಕಾಟದಲ್ಲಿ ಎಣಿಸಬೇಡಿ. ರಾತ್ರಿ ಊಟವಾದ ಮೇಲೆ ಫೋನ್ ದೂರವಿಟ್ಟು ಎಡಮಗ್ಗುಲಿಗೆ ಮಲಗಿ. ಒದೆತ, ಹೊರಳು, ನೂಕು ಎಲ್ಲವೂ ಲೆಕ್ಕಕ್ಕೆ. ಒಂದೇ ತಾಳದಲ್ಲಿ ಟಿಕ್ ಟಿಕ್ ಅನ್ನುವ ಬಿಕ್ಕಳಿಕೆ ಬೇಡ. ಎರಡು ಗಂಟೆಯೊಳಗೆ 10 ಆಗಬೇಕು. ಎರಡು ಗಂಟೆ ಏಕೆಂದರೆ, ಕೂಸಿನ ನಿದ್ದೆ 20–40 ನಿಮಿಷ, 90 ದಾಟೋದು ಅಪರೂಪ. ಅಂಗಾತ ಮಾತ್ರ ಮಲಗಬೇಡಿ: ಗರ್ಭದ ಭಾರ ಹಿಂದಿನ ದೊಡ್ಡ ರಕ್ತನಾಳವನ್ನು ಒತ್ತಿ ಮಾಸಿಗೆ ರಕ್ತ ಕಮ್ಮಿಯಾಗುತ್ತೆ, ಕೂಸು ಸುಮ್ಮನಾಗುತ್ತೆ. 28 ವಾರದಿಂದಾಚೆ ನಿದ್ದೆಗೂ ಮಗ್ಗುಲೇ.

ಮಡಗಾಂವ್‌ನಿಂದ: ಇವತ್ತು ರಾತ್ರಿಯೇ ಎಣಿಸಿ. 10 ಆಗದಿದ್ದರೆ, ಅಥವಾ ಎಣಿಸದೆಯೇ ದಿನದ ರೂಢಿ ತಪ್ಪಿದೆ ಅಂತ ಮನಸ್ಸಿಗೆ ಅನ್ನಿಸಿದರೆ, ಬೆಳಗಾಗಲಿ ಅನ್ನದೆ ಆಸ್ಪತ್ರೆಗೆ ಹೊರಡಿ. ಗಾಡಿ ಸಿಗದಿದ್ದರೆ 108. ಮಾಸು ಸೋತು ಆಮ್ಲಜನಕ ಕಮ್ಮಿಯಾದಾಗ ಕೂಸು ಮೊದಲು ಕಮ್ಮಿ ಮಾಡೋದೇ ಮಿಸುಕಾಟವನ್ನು. ತಣ್ಣನೆ ಜ್ಯೂಸ್ ಕುಡಿದು ಕಾಯೋದರಲ್ಲಿ ಆ ಹೊತ್ತು ಕಳೆದುಹೋಗುತ್ತೆ. ಎದೆಬಡಿತ ಕೇಳಲು ಮನೆಗೆ ತರಿಸಿಕೊಳ್ಳುವ ಡಾಪ್ಲರ್ ಯಂತ್ರ ಇನ್ನೂ ಕೆಟ್ಟದ್ದು. ತಾಯಿಯ ನಾಡಿಯನ್ನೇ ಕೂಸಿನದು ಅಂದುಕೊಳ್ಳುತ್ತಾರೆ. ಆಸ್ಪತ್ರೆಯಲ್ಲಿ ಹೊಟ್ಟೆಗೆ ಎರಡು ಬೆಲ್ಟ್ ಕಟ್ಟಿ 20 ನಿಮಿಷ ಎನ್‌ಎಸ್‌ಟಿ, ಅಂದರೆ ಕೂಸಿನ ಎದೆಬಡಿತದ ಪರೀಕ್ಷೆ, ಮಾಡುತ್ತಾರೆ, ಕೂಸು ಮಲಗಿದ್ದರೆ 40. ಎದೆಬಡಿತ ನಿಮಿಷಕ್ಕೆ 110–160 ಇದ್ದು, 15 ಬಡಿತ ಏರಿ 15 ಸೆಕೆಂಡ್ ನಿಲ್ಲೋದು ಎರಡು ಸಲವಾದರೂ ಕಾಣಬೇಕು. ಆಮೇಲೆ ನೀರು, ಹೊಕ್ಕುಳಬಳ್ಳಿಯ ರಕ್ತದ ಹರಿವು. ಎಲ್ಲ ಸರಿ ಅಂತ ಕಳಿಸಿದ ಮೇಲೂ ಮತ್ತೆ ಕಮ್ಮಿಯಾದರೆ ಮತ್ತೆ ಹೋಗಿ, ಸಂಕೋಚ ಬೇಡ.

ಪುಣೆಯಿಂದ ಮತ್ತೆ: ಫೈಲ್ ಜೊತೆಗಿರಲಿ. ಕೌಂಟರಿನಲ್ಲಿ "ಹೊಟ್ಟೆ ಒಂಥರಾ ಇದೆ" ಅಂದರೆ ಸಾಲಿನಲ್ಲಿ ಕೂರಿಸುತ್ತಾರೆ. ಮರಾಠಿಯಲ್ಲಿ ನೇರವಾಗಿ ಹೇಳಿ: "ಬಾಳಾಚೀ ಹಾಲಚಾಲ್ ಕಮೀ ಝಾಲೀ ಆಹೆ, ಚೌತೀಸ್ ಆಠವಡೆ." (ಕೂಸಿನ ಮಿಸುಕಾಟ ಕಮ್ಮಿಯಾಗಿದೆ, 34 ವಾರ.)