ತಾತನ ಎಂಜಿಬಿಗೆ 17 ಇಂಚಿನ ಚಕ್ರವೇ?

ಗುಂಪು: ಸರಸ್ವತಿಪುರಂ ಮನೆ

ಅಣ್ಣ: ಈಗ ಹಾಕಿದ ಚಿತ್ರವನ್ನು ಎಲ್ಲರೂ ನೋಡಿ. ನಮ್ಮ ತಾತನ ಕಾರಿನಂಥದ್ದೇ ಎಂಜಿಬಿ, ಬ್ರಿಟನ್ನಿನ ಎಂಜಿ ಕಂಪನಿಯ ಹಳೆಯ ಸ್ಪೋರ್ಟ್ಸ್ ಕಾರು; ಬಣ್ಣವೂ ಅದೇ. 17 ಇಂಚಿನ ಅಲಾಯ್ ಚಕ್ರ, 205/45 ಟೈರ್. ನೆಲ ಕಚ್ಚಿ ಹೇಗೆ ನಿಂತಿದೆ! ನಮ್ಮ ಕಾರಿಗೂ ಹಾಕಿಸಿಬಿಡೋಣ. ಖರ್ಚಿನಲ್ಲಿ ಅರ್ಧ ನನ್ನದು.

ಚಿಕ್ಕಪ್ಪ: ನೋಡಲು ಚೆನ್ನಾಗಿಯೇ ಇದೆ. ಈಗಿರುವ ಕಡ್ಡಿ (ಸ್ಪೋಕ್) ಚಕ್ರಗಳ ಸಂದುಗೊಂದುಗಳನ್ನು ಉಜ್ಜಿ ತೊಳೆಯುವ ಕೆಲಸವಾದರೂ ತಪ್ಪುತ್ತದೆ. ನನ್ನ ಒಪ್ಪಿಗೆ ಇದೆ.

ದೊಡ್ಡಪ್ಪ: ನನ್ನ ಒಪ್ಪಿಗೆ ಇಲ್ಲ. ಅಪ್ಪ ಅದನ್ನು ಕೊಡಗಿನ ತೋಟದವರಿಂದ ಕೊಂಡು ತಂದಾಗ ಹೇಗಿತ್ತೋ ಹಾಗೆಯೇ ಇರಬೇಕು. 1967ರ ಕಾರು, ಐವತ್ತು ವರ್ಷ ದಾಟಿದೆ. ವಿಂಟೇಜ್ ಎಂದು ನೋಂದಣಿ ಮಾಡಿಸಬೇಕೆಂದು ನಾನು ಕಾಗದಪತ್ರ ಹೊಂದಿಸುತ್ತಿದ್ದೇನೆ. ಚಕ್ರ ಬದಲಿಸಿದರೆ ಆ ಅರ್ಹತೆಯೇ ಹೋಗುತ್ತದೆ.

ಅಣ್ಣ: ದೊಡ್ಡಪ್ಪ, ಚಕ್ರದ ಹೊರಗಿನ ಅಳತೆ ಬದಲಾಗುವುದೇ ಇಲ್ಲ. ರಿಮ್ ದೊಡ್ಡದಾದಷ್ಟೂ ಟೈರಿನ ಪಕ್ಕದ ಗೋಡೆ ಗಿಡ್ಡವಾಗುತ್ತದೆ, ಅಷ್ಟೇ. ಟೈರಿನ ಮೊದಲ ಅಂಕಿ ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಗೋಡೆಯ ಎತ್ತರ ಆ ಅಗಲದ ಶೇಕಡ ಎಷ್ಟು ಎಂಬುದು, ಕೊನೆಯದು ರಿಮ್ಮಿನ ಇಂಚು. ಈಗಿರುವ 165/80 ಆರ್ 14 ಟೈರಿನ ವ್ಯಾಸ ಸುಮಾರು 620 ಮಿಲಿಮೀಟರ್. 205/45 ಆರ್ 17ರದು 616. ಸ್ಪೀಡೋಮೀಟರ್ ಕೂಡ ಹೆಚ್ಚುಕಡಿಮೆ ಮೊದಲಿನಂತೆಯೇ ತೋರಿಸುತ್ತದೆ.

ನಾನು: ಅಣ್ಣ, ಆ ಲೆಕ್ಕ ಸರಿಯಾಗಿದೆ. ನೀನು ಹೇಳದೆ ಬಿಟ್ಟ ಲೆಕ್ಕವನ್ನು ನಾನು ಹೇಳುತ್ತೇನೆ. 165ಕ್ಕೆ ಶೇಕಡ 80 ಎಂದರೆ 132 ಮಿಲಿಮೀಟರ್ ಎತ್ತರದ ರಬ್ಬರ್ ಗೋಡೆ. 205ಕ್ಕೆ ಶೇಕಡ 45 ಎಂದರೆ 92. ರಿಮ್ಮಿಗೂ ರಸ್ತೆಗೂ ನಡುವೆ ಇದ್ದ ಮೆತ್ತೆಯಲ್ಲಿ ನಾಲ್ಕು ಸೆಂಟಿಮೀಟರ್ ಹೋಯಿತು. 17 ಇಂಚಿನ ಚಕ್ರ ಹಾಕಿಕೊಂಡೇ ಕಾರ್ಖಾನೆಯಿಂದ ಬರುವ ಇಂದಿನ ಕಾರುಗಳ ಸಸ್ಪೆನ್ಷನ್ನನ್ನು ಆ ಗಿಡ್ಡ ಟೈರಿಗೆ ತಕ್ಕಂತೆ ಮಾಡಿರುತ್ತಾರೆ. ಎಂಜಿಬಿ ಬಂದದ್ದು 1962ರಲ್ಲಿ. ಅದರ ಮುಂದಿನ ಷಾಕ್ ಅಬ್ಸಾರ್ಬರ್ ಲಿವರ್ ಆರ್ಮ್ ಬಗೆಯದು; ಅದರ ತೋಳೇ ಮೇಲಿನ ವಿಷ್‌ಬೋನ್ (ಚಕ್ರವನ್ನು ಕಾರಿಗೆ ಜೋಡಿಸುವ ತೋಳು) ಕೂಡ. ಅಂದರೆ ಗುಂಡಿಯ ಪೆಟ್ಟನ್ನು ತಡೆಯುವುದು, ಚಕ್ರವನ್ನು ನೆಟ್ಟಗೆ ಹಿಡಿಯುವುದು, ಎರಡೂ ಅದೇ ತೋಳಿನ ಹೊಣೆ. ಹಿಂದೆ ಇಡೀ ಆಕ್ಸಲ್, ಅದರ ಕೆಳಗೆ ಲೀಫ್ ಸ್ಪ್ರಿಂಗ್. ಈ ಕಾರಿನಲ್ಲಿ ಟೈರಿನ ಗೋಡೆಯೂ ಸಸ್ಪೆನ್ಷನ್ನಿನ ಒಂದು ಭಾಗ. ಅದನ್ನು ತೆಗೆದರೆ ಪೆಟ್ಟೆಲ್ಲ ನೇರವಾಗಿ ಆ ತೋಳಿಗೆ, ಮುಂದಿನ ಚಕ್ರ ಎಡಬಲಕ್ಕೆ ಹೊರಳುವ ಕಿಂಗ್‌ಪಿನ್ನಿಗೆ, ಬೇರಿಂಗಿಗೆ ಹೋಗುತ್ತದೆ.

ಚಿಕ್ಕಪ್ಪ: ಪಾಂಡವಪುರದ ಕಡೆಯ ರಸ್ತೆ ನೆನಪಾಯಿತು. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿ ಡಾಂಬರಿನ ಅಂಚು ಕತ್ತರಿಸಿದ ಹಾಗಾಗಿದೆ.

ನಾನು: ಅಂಥ ಅಂಚಿಗೆ 92 ಮಿಲಿಮೀಟರಿನ ಟೈರ್ ಬಡಿದರೆ ಮೊದಲು ಪೆಟ್ಟು ತಿನ್ನುವುದೇ ರಿಮ್, ಚಿಕ್ಕಪ್ಪ. ಅಲಾಯ್ ರಿಮ್ ಸೀಳಿದರೆ ರಸ್ತೆಬದಿಯ ಪಂಕ್ಚರ್ ಅಂಗಡಿಯವನು ಏನೂ ಮಾಡಲಾರ.

ಅಣ್ಣ: ನೀನು ಹೇಳುವುದನ್ನು ಕೇಳಿದರೆ ದೊಡ್ಡ ಚಕ್ರ ಎಂಬುದೇ ಇಂದಿನ ಹುಡುಗರ ಶೋಕಿ ಎನ್ನಬೇಕು. ಅದೇ ಕಂಪನಿ 1945ರಲ್ಲಿ ತಂದ ಎಂಜಿ ಟಿಸಿಗೆ 19 ಇಂಚಿನ ಚಕ್ರ ಇತ್ತಲ್ಲ?

ನಾನು: ಇತ್ತು, ಬಹಳ ಸುಂದರವಾದ ಚಕ್ರ. ಆದರೆ ಅದರ ಟೈರಿನ ಅಳತೆ 4.50-19. ಅಗಲ ನಾಲ್ಕೂವರೆ ಇಂಚು, ಗೋಡೆಯ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಮಿಲಿಮೀಟರಿನಲ್ಲಿ ಹೇಳಿದರೆ ಸುಮಾರು 114. ನೀನು ತೋರಿಸುತ್ತಿರುವ 17 ಇಂಚಿನ ಟೈರಿಗಿಂತ ಎತ್ತರ! ಅಂದಿನ ದೊಡ್ಡ ಚಕ್ರಕ್ಕೂ ಈ ಚಿತ್ರದ ದೊಡ್ಡ ಚಕ್ರಕ್ಕೂ ಹೋಲಿಕೆಯೇ ಇಲ್ಲ. ಆಮೇಲೆ ಬಂದ ಎಂಜಿ ಟಿಡಿ ಮಾದರಿಯಲ್ಲಿ ಆ ಕಂಪನಿಯೇ 15 ಇಂಚಿಗೆ ಇಳಿಯಿತು.

ದೊಡ್ಡಪ್ಪ: ಸರಿಯಾಗಿ ಹೇಳಿದೆ.

ನಾನು: ದೊಡ್ಡಪ್ಪ, ನಿಮ್ಮ ಮಾತಿನಲ್ಲಿಯೂ ಒಂದು ತಿದ್ದುಪಡಿ ಇದೆ, ಬೇಸರ ಮಾಡಿಕೊಳ್ಳಬೇಡಿ. 2021ರ ಕೇಂದ್ರದ ನಿಯಮ ವಿಂಟೇಜ್ ವಾಹನಕ್ಕೆ ಹಾಕಿರುವ ಷರತ್ತು, ಅದು ಮೂಲ ರೂಪದಲ್ಲಿ ಇರಬೇಕು, ಷಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎಂದು. ಅಲ್ಲಿ ಚಕ್ರದ ಹೆಸರನ್ನು ಎತ್ತಿ ಹೇಳಿಲ್ಲ. ಅಲಾಯ್ ಹಾಕಿದ ಮಾತ್ರಕ್ಕೆ ಅರ್ಹತೆ ಹೋಗುತ್ತದೆ ಎಂದು ನಾನು ವಾದಿಸಲಾರೆ. ಆದರೆ ಆ ನೋಂದಣಿ ಆದ ಮೇಲೆ ಕಾರನ್ನು ಪ್ರದರ್ಶನ, ವಿಂಟೇಜ್ ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥದ್ದಕ್ಕೆ ಮಾತ್ರ ಹೊರಗೆ ತರಬಹುದು. ದಿನಬಳಕೆಗೆ ಇಲ್ಲ. ಮನಸ್ಸು ಬಂದಾಗ ಮಂಡ್ಯಕ್ಕೆ ಹೋಗಿಬರುವ ಅಭ್ಯಾಸವನ್ನು ಬಿಡಬೇಕಾಗುತ್ತದೆ. ಅದನ್ನು ಎಲ್ಲರೂ ಕುಳಿತು ಯೋಚಿಸೋಣ.

ಅತ್ತೆ: ಅದು ಬೇರೆ ದಿನದ ಜಗಳ. ಈಗ ಚಕ್ರದ ವಿಷಯ ಮುಗಿಸಿ. ನಿಮ್ಮಲ್ಲಿ ಆ ಕಾರನ್ನು ಹೆಚ್ಚು ಓಡಿಸುವವಳು ನಾನು. ಪವರ್ ಸ್ಟೇರಿಂಗ್ ಇಲ್ಲದ ಗಾಡಿ. ದೇವರಾಜ ಮಾರುಕಟ್ಟೆಯ ಬಳಿ ಎರಡು ಕಾರುಗಳ ನಡುವೆ ನಿಲ್ಲಿಸುವಾಗ ಈಗಲೇ ಭುಜ ಬೀಳುತ್ತದೆ. ಅಗಲದ ಟೈರ್ ಹಾಕಿದರೆ ಇನ್ನೂ ಭಾರ ತಾನೇ?

ನಾನು: ಹೌದು ಅತ್ತೆ. 165ರಿಂದ 205ಕ್ಕೆ ಹೋದರೆ ನಿಂತಲ್ಲಿ ತಿರುಗಿಸುವುದು ನಿಶ್ಚಯವಾಗಿಯೂ ಭಾರ. ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಈ ಸ್ಟೇರಿಂಗ್ ಕೈಗೆ ಕೊಡುವ ಸುಳಿವು ನಿಮಗೇ ಗೊತ್ತಿದೆ. ಮುಂದಿನ ಟೈರ್ ಜಾರುವ ಮೊದಲೇ ಕೈಗೆ ತಿಳಿಯುತ್ತದೆ. ನನ್ನ ಮಟ್ಟಿಗೆ ಆ ಕಾರಿನ ಜೀವ ಇರುವುದೇ ಅಲ್ಲಿ. ಸುಮಾರು 920 ಕಿಲೋ ತೂಕದ, 95 ಅಶ್ವಶಕ್ತಿಯ ಕಾರು ಇಷ್ಟು ಸಂತೋಷ ಕೊಡುವುದು ವೇಗದಿಂದ ಅಲ್ಲ.

ಅಣ್ಣ: ಬ್ರೇಕಿನ ಬಗ್ಗೆ ಏನು ಹೇಳುತ್ತೀಯ? ದೊಡ್ಡ ಚಕ್ರವಾದರೆ ಬ್ರೇಕು ಚೆನ್ನಾಗಿ ಹಿಡಿಯುತ್ತದೆ.

ನಾನು: ಡಿಸ್ಕ್ ಅದೇ, ಕ್ಯಾಲಿಪರ್ ಅದೇ, ಬ್ರೇಕ್ ಹೇಗೆ ಬದಲಾಗುತ್ತದೆ? ಮುಂದಿನ ಡಿಸ್ಕ್ 10.75 ಇಂಚು; 14 ಇಂಚಿನ ರಿಮ್ಮಿನೊಳಗೆ ಸಲೀಸಾಗಿ ಕುಳಿತಿದೆ. ದೊಡ್ಡ ಬ್ರೇಕ್ ಕೂರಿಸಬೇಕಾದವರಿಗೆ ದೊಡ್ಡ ರಿಮ್ ಬೇಕು, ನಮಗೆ ಬೇಡ. ಟೈರಿನ ರಬ್ಬರ್ ಒಳ್ಳೆಯದಾದರೆ ಹಿಡಿತ ಹೆಚ್ಚುತ್ತದೆ ಎಂಬುದನ್ನು ಒಪ್ಪುತ್ತೇನೆ. ಅದಕ್ಕೆ ರಿಮ್ ಬದಲಿಸಬೇಕಿಲ್ಲ.

ನಾನು: ಇನ್ನೊಂದು ವಿಷಯ. ನೀನು ಹಾಕಿದ ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ ಹಿಂದಿನ ಚಕ್ರದ ಮೇಲ್ಭಾಗ ನೋಡು. ಮಡ್‌ಗಾರ್ಡಿನ ಅಂಚನ್ನು ಹೊರಕ್ಕೆ ಉಬ್ಬಿಸಿದ್ದಾರೆ. ಹಾಗೆ ಮಾಡದೆ ಆ ಟೈರ್ ಅಲ್ಲಿ ಹಿಡಿಯುವುದಿಲ್ಲ. ನಮ್ಮ ಕಾರಿನ ಹಿಂದಿನ ಎಡಚಕ್ರದ ಮೇಲೆ ಕೈ ತೂರಿಸಿ ನೋಡು. ತಗಡಿನ ಅಂಚನ್ನು ಒಳಕ್ಕೆ ಮಡಿಸಿರುವ ಕಡೆ, ಈಗಿನ 165ರ ಟೈರಿಗೂ ಅದಕ್ಕೂ ನಡುವೆ ಬೆರಳು ಉಜ್ಜಿಕೊಂಡೇ ಹೋಗುತ್ತದೆ. ಇಬ್ಬರು ಕುಳಿತು, ಡಿಕ್ಕಿಯಲ್ಲಿ ಸಾಮಾನಿಟ್ಟು ಹಂಪ್ ಹತ್ತಿಸಿದರೆ 205ರ ಟೈರನ್ನು ಆ ಅಂಚು ಕೊಯ್ಯುತ್ತದೆ. ಅಂಚನ್ನು ಬಡಿದು ಬಾಡಿಯ ಆಕಾರ ಬದಲಿಸಿದರೆ ಆಗ ದೊಡ್ಡಪ್ಪನ ಆಕ್ಷೇಪಕ್ಕೆ ಪೂರ್ತಿ ಬಲ ಬರುತ್ತದೆ. ನಿಯಮದಲ್ಲಿರುವುದು ಬಾಡಿಯ ಮಾತೇ.

ದೊಡ್ಡಪ್ಪ: ನಾನು ಬದುಕಿರುವವರೆಗೆ ಆ ತಗಡಿಗೆ ಸುತ್ತಿಗೆ ತಾಗುವುದಿಲ್ಲ.

ಅಣ್ಣ: ತಗಡಿಗೆ ಕೈ ಹಚ್ಚಬೇಕೆಂದು ನಾನೂ ಹೇಳಲಿಲ್ಲ ದೊಡ್ಡಪ್ಪ. ಚಿತ್ರದಲ್ಲಿ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಆದರೆ 14 ಇಂಚಿನ ಹಳೆಯ ಕಾಲದ ಟೈರಿಗೆ ಎಲ್ಲಿ ಹೋಗುವುದು? ವಿದೇಶದಿಂದ ತರಿಸಿದರೆ ಚಕ್ರದಷ್ಟೇ ದುಡ್ಡು.

ನಾನು: ಎಲ್ಲಿಗೂ ಹೋಗಬೇಡ. ಮೈಸೂರಿನ ಬಾಡಿಗೆ ಡಿಜೈರ್‌ಗಳ ಟೈರ್ ನೋಡಿದ್ದೀಯಾ? ಮಾರುತಿ ಸ್ವಿಫ್ಟ್, ಡಿಜೈರ್‌ಗಳ ಕಡಿಮೆ ಬೆಲೆಯ ಮಾದರಿಗಳಿಗೆ ವರ್ಷಗಟ್ಟಲೆ ಬಂದದ್ದು 165/80 ಆರ್ 14. ನಮ್ಮ ಎಂಜಿಬಿಯದೂ ಅದೇ ಅಳತೆ! ಅದರ ವೇಗದ ಗುರುತು ಟಿ, ಗಂಟೆಗೆ 190 ಕಿಲೋಮೀಟರ್‌ವರೆಗೆ. ನಮ್ಮ ಕಾರು ಹೊಸದಾಗಿದ್ದಾಗಲೂ ಸುಮಾರು 165ಕ್ಕಿಂತ ಹೆಚ್ಚು ಓಡಿದ್ದಲ್ಲ.

ಚಿಕ್ಕಪ್ಪ: ನಮ್ಮ ಮಂಡ್ಯದ ಅಂಗಡಿಯಲ್ಲಿ ಆ ಅಳತೆ ಯಾವಾಗಲೂ ಇರುತ್ತದೆ. ಇಲ್ಲಿ ಎಲ್ಲ ಟ್ಯಾಕ್ಸಿಗೂ ಅದೇ. ಇದು ಗೊತ್ತಿದ್ದರೆ ನಾನು ಆಗಲೇ ಒಪ್ಪುತ್ತಿರಲಿಲ್ಲ.

ಅಣ್ಣ: 15 ಇಂಚು ಆಗಬಹುದೇ? ಪೂರ್ತಿ ಇಲ್ಲ ಎನ್ನಬೇಡ.

ನಾನು: 15 ಇಂಚಿನ ಬಗ್ಗೆ ನನಗೆ ಅಷ್ಟು ವಿರೋಧವಿಲ್ಲ. 185/65 ಆರ್ 15 ಹಾಕಿದರೆ ವ್ಯಾಸ 621, ಗೋಡೆ 120 ಮಿಲಿಮೀಟರ್. ಮೆತ್ತೆ ಬಹುಪಾಲು ಉಳಿಯುತ್ತದೆ. ನಮ್ಮ ಕಾರಿನ ಹಬ್ಬಿಗೇ (ಆಕ್ಸಲ್ ತುದಿಯಲ್ಲಿ ಚಕ್ರ ಕೂರುವ ಭಾಗ) ಕೂರುವ 15 ಇಂಚಿನ ಕಡ್ಡಿ ಚಕ್ರಗಳನ್ನೂ ಮಾಡುತ್ತಾರೆ, ನೋಟ ಕೆಡುವುದಿಲ್ಲ. ಆ ಎಡಬದಿಯ ಅಂಚಿಗೆ 185 ತಾಗುತ್ತದೆಯೇ ಎಂಬುದನ್ನು ಮಾತ್ರ ಕೊಳ್ಳುವ ಮೊದಲೇ ಅಳೆಯಬೇಕು. ನಿನ್ನ 17 ಇಂಚಿನ ಅಲಾಯ್ ಬೋಲ್ಟ್ ಹಾಕಿ ಬಿಗಿಯುವಂಥದ್ದು. ನಮ್ಮ ಕಡ್ಡಿ ಚಕ್ರ ಕೂರುವುದು ಹಲ್ಲು ಕೊರೆದ ಹಬ್ಬಿನ ಮೇಲೆ. ಅಲಾಯ್ ಬೇಕಾದರೆ ಹಬ್ ಬದಲಿಸಬೇಕು, ಇಲ್ಲವೇ ಅಡಾಪ್ಟರ್ ಹಾಕಬೇಕು. ಅಡಾಪ್ಟರಿನ ದಪ್ಪದಷ್ಟು ಚಕ್ರ ಇನ್ನೂ ಹೊರಕ್ಕೆ ಬರುತ್ತದೆ.

ನಾನು: ಆ ಹಬ್ಬಿನ ವಿಷಯ ಬಂದದ್ದೇ ಒಳ್ಳೆಯದಾಯಿತು. ಕಾರು ಹೊರಡುವಾಗ ಹಿಂದಿನ ಬಲಚಕ್ರದಲ್ಲಿ ‘ಟಕ್’ ಎನ್ನುತ್ತದೆ, ಬ್ರೇಕ್ ಒತ್ತಿದಾಗ ಮತ್ತೊಮ್ಮೆ. ಮಂಡಿ ಮೊಹಲ್ಲಾದ ಮೆಕ್ಯಾನಿಕ್ ಚಕ್ರ ಬಿಚ್ಚಿ ತೋರಿಸಿದರು. ಹಬ್ಬಿನ ಹಲ್ಲುಗಳು ಚಪ್ಪಟೆಯಾಗಿರಬೇಕಾದ ಕಡೆ ಚೂಪಾಗಿವೆ. ಹಲ್ಲು ಪೂರ್ತಿ ಸವೆದ ದಿನ ಆಕ್ಸಲ್ ತಿರುಗುತ್ತದೆ, ಚಕ್ರ ತಿರುಗುವುದಿಲ್ಲ. ಬ್ರೇಕ್ ಹಿಡಿದರೆ ಹಬ್ ನಿಲ್ಲುತ್ತದೆ, ಚಕ್ರ ನಿಲ್ಲುವುದಿಲ್ಲ. ಅತ್ತೆ ಬೆಟ್ಟ ಇಳಿಯುವಾಗ ಹಾಗಾದರೆ? ಅಣ್ಣ, ನೀನು ಕೊಡುತ್ತೇನೆ ಎಂದ ಹಣ ಮೊದಲು ಇದಕ್ಕೆ ಹೋಗಬೇಕು. ಹಬ್ ಮತ್ತು ಚಕ್ರ ಎರಡನ್ನೂ ಜೊತೆಗೇ ಬದಲಿಸಬೇಕು. ಹಳೆಯ ಚಕ್ರ ಹೊಸ ಹಬ್ಬನ್ನು ತಿನ್ನುತ್ತದೆ.

ಅತ್ತೆ: ಇದನ್ನು ಮೊದಲೇ ಏಕೆ ಹೇಳಲಿಲ್ಲ? ಆ ಸದ್ದು ನನಗೂ ಕೇಳಿಸುತ್ತಿತ್ತು. ಹಳೆಯ ಗಾಡಿ ಎಂದು ಸುಮ್ಮನಿದ್ದೆ.

ನಾನು: ಚಕ್ರ ಬಿಚ್ಚಿ ನೋಡಿದ್ದು ನಿನ್ನೆ ಸಂಜೆ, ಅತ್ತೆ. ಟೈರ್‌ಗಳದ್ದೂ ಅದೇ ಕಥೆ. ಪಕ್ಕದ ಗೋಡೆಯ ಮೇಲೆ 3211 ಎಂದು ಅಚ್ಚಾಗಿದೆ. 2011ರ 32ನೇ ವಾರ ತಯಾರಾದದ್ದು. ರಸ್ತೆಗೆ ತಾಗುವ ಭಾಗದ ಗೀರುಗಳು ಇನ್ನೂ ಆಳವಾಗಿವೆ, ಟೈರ್ ಸವೆದಿಲ್ಲ ಎಂದು ನಂಬಿ ಕುಳಿತರೆ ಆಗದು. ರಬ್ಬರ್ ಒಣಗಿ ಸಣ್ಣ ಬಿರುಕುಗಳು ಬಂದಿವೆ.

ಅಣ್ಣ: ಸರಿ. 17 ಬಿಟ್ಟೆ. ಹಿಂದಿನ ಎರಡು ಹಬ್, ಎರಡು ಕಡ್ಡಿ ಚಕ್ರಗಳಿಗೆ ಪೂರ್ತಿ ಹಣ ನನ್ನದು. ಆದರೆ 15 ಇಂಚಿನ ಮಾತನ್ನು ನಾನು ಕೈಬಿಡುವುದಿಲ್ಲ. ಮುಂದಿನ ಹಬ್ ಬದಲಿಸುವ ಕಾಲ ಬಂದಾಗ ನಾಲ್ಕನ್ನೂ 15 ಮಾಡಿಸೋಣ.

ದೊಡ್ಡಪ್ಪ: ಆಗ ನೋಡೋಣ. ಶ್ರೀರಂಗಪಟ್ಟಣದ ಬಳಿ ವೀರೇಂದ್ರ ಹೆಗ್ಗಡೆಯವರ ‘ಪಯಣ’ ಸಂಗ್ರಹಾಲಯಕ್ಕೆ ಒಮ್ಮೆ ನನ್ನ ಜೊತೆ ಬಾ. ಹಳೆಯ ಕಾರುಗಳು ತಮ್ಮ ಚಕ್ರದ ಮೇಲೆ ನಿಂತರೆ ಹೇಗಿರುತ್ತವೆ ಎಂದು ನೋಡುವೆಯಂತೆ.

ಅಣ್ಣ: ಬರುತ್ತೇನೆ ದೊಡ್ಡಪ್ಪ.

ಚಿಕ್ಕಪ್ಪ: ನಾಲ್ಕು ಟೈರ್ ನಾನು ಶನಿವಾರ ಮಂಡ್ಯದಿಂದ ತರುತ್ತೇನೆ. ಸ್ಟೆಪ್ನಿಗೂ ಬೇಕೇ?

ನಾನು: ಸ್ಟೆಪ್ನಿ ಸೇರಿ ಐದು ತನ್ನಿ ಚಿಕ್ಕಪ್ಪ. ತಯಾರಾದ ವಾರದ ಅಂಕಿ ನೋಡಿಯೇ ತೆಗೆದುಕೊಳ್ಳಿ, ಅಂಗಡಿಯಲ್ಲಿ ಕುಳಿತು ಹಳೆಯದಾದದ್ದು ಬೇಡ. ಕಡ್ಡಿ ಚಕ್ರಕ್ಕೆ ಟ್ಯೂಬ್ ಬೇಕೇ ಬೇಕು, ಐದು ಟ್ಯೂಬ್ ಕೂಡ ತನ್ನಿ. ಕಡ್ಡಿಗಳ ತುದಿ ಟ್ಯೂಬಿಗೆ ಚುಚ್ಚದಂತೆ ರಿಮ್ಮಿನೊಳಗೆ ಹಾಕುವ ರಬ್ಬರ್ ಪಟ್ಟಿಯೂ ಐದು. ದೊಡ್ಡಪ್ಪ, ತಾತನ ತಾಮ್ರದ ಸುತ್ತಿಗೆ ನಿಮ್ಮ ಮನೆಯಲ್ಲಿದೆ. ಚಕ್ರದ ನಡುವಿನ ನಟ್ಟನ್ನು ಬಡಿದು ಬಿಚ್ಚಲು ಅದೇ ಬೇಕು, ಕಬ್ಬಿಣದ್ದಾದರೆ ಕ್ರೋಮ್ ಹಾಳಾಗುತ್ತದೆ. ಶನಿವಾರ ಮಧ್ಯಾಹ್ನ ಅದನ್ನು ಕಳುಹಿಸಿಕೊಡಿ.