ಟ್ರಿನಿಡಾಡ್‌ಗೆ ಮೊದಲ ವ್ಯವಹಾರ ಪ್ರಯಾಣ: ವೀಸಾ, ಲಸಿಕೆ, ವಿದ್ಯುತ್, ಹಣದ ಬಗ್ಗೆ ತಿಳಿದವರು ಹೇಳಿ

ಪೀಣ್ಯದ ಪಂಪ್ ತಯಾರಕ:
ಎಲ್ಲರಿಗೂ ನಮಸ್ಕಾರ. ರಾಸಾಯನಿಕ ಕಾರ್ಖಾನೆಗಳಿಗೆ ಬೇಕಾಗುವ ಸಣ್ಣ ಸೆಂಟ್ರಿಫ್ಯೂಗಲ್ ಪಂಪ್‌ಗಳನ್ನು ಪೀಣ್ಯದಲ್ಲಿ ತಯಾರಿಸುತ್ತೇವೆ. ಟ್ರಿನಿಡಾಡ್‌ನ ಪಾಯಿಂಟ್ ಲಿಸಾಸ್ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯವರು ಮಾದರಿ ಪಂಪೊಂದನ್ನು ತಂದು ಅಲ್ಲಿಯೇ ಓಡಿಸಿ ತೋರಿಸುವಂತೆ ಕೇಳಿದ್ದಾರೆ. ಫೆಬ್ರವರಿಯಲ್ಲಿ ಹತ್ತು ದಿನಗಳ ಮಟ್ಟಿಗೆ ಹೋಗಬೇಕೆಂದಿದ್ದೇನೆ. ಪತ್ನಿಯೂ ಜೊತೆಗೆ ಬರುತ್ತಾರೆ, ಇಬ್ಬರೂ ಸಸ್ಯಾಹಾರಿಗಳು. ಭಾರತೀಯರಿಗೆ ವೀಸಾ ಬೇಡ ಎಂದು ಕೇಳಿದ್ದೇನೆ, ಆದರೆ ಅಷ್ಟನ್ನೇ ನಂಬಿ ಟಿಕೆಟ್ ಕಾಯ್ದಿರಿಸಲು ಧೈರ್ಯ ಬರುತ್ತಿಲ್ಲ. ಹೊರಡುವ ಮುನ್ನ ಏನೇನು ಸಿದ್ಧಪಡಿಸಿಕೊಳ್ಳಬೇಕು ಎಂಬುದನ್ನು ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಕೂವಾದಲ್ಲಿ ನಾಲ್ಕು ವರ್ಷ ಇದ್ದವನು:
ಟ್ರಿನಿಡಾಡ್‌ನ ಕೂವಾ ಪಟ್ಟಣದಲ್ಲಿದ್ದ ಅನುಭವದಿಂದ ಹೇಳುತ್ತೇನೆ, ನೀವು ಕೇಳಿರುವುದು ನಿಜ. ಪ್ರವಾಸಕ್ಕಾಗಲಿ ವ್ಯವಹಾರಕ್ಕಾಗಲಿ 90 ದಿನಗಳೊಳಗಿನ ಭೇಟಿಗೆ ಭಾರತೀಯ ಪಾಸ್‌ಪೋರ್ಟ್ ಉಳ್ಳವರಿಗೆ ಅಲ್ಲಿ ವೀಸಾ ಬೇಕಿಲ್ಲ. ಹಿಂದಿರುಗುವ ಟಿಕೆಟ್, ಉಳಿಯುವ ಸ್ಥಳದ ವಿಳಾಸ ಮತ್ತು ಕರೆದವರ ಪತ್ರ ಕೈಯಲ್ಲಿದ್ದರೆ ಪಿಯಾರ್ಕೊ ವಿಮಾನ ನಿಲ್ದಾಣದಲ್ಲಿ ಮಾತು ಬೇಗ ಮುಗಿಯುತ್ತದೆ. ಪಂಪ್ ಜೋಡಿಸಿ ಓಡಿಸುವುದನ್ನು ಅಧಿಕಾರಿ ಕೆಲಸವೆಂದೇ ಪರಿಗಣಿಸಿದರೂ ಹೆದರಬೇಕಾಗಿಲ್ಲ, ಏಕೆಂದರೆ 12 ತಿಂಗಳಲ್ಲಿ ಒಂದು ಬಾರಿ, 30 ದಿನಗಳನ್ನು ಮೀರದ ವೃತ್ತಿಪರ ಕೆಲಸಕ್ಕೆ ಅಲ್ಲಿನ ಕಾನೂನು ಕೆಲಸದ ಪರವಾನಗಿ ಕೇಳುವುದಿಲ್ಲ.

ತೊಡಕು ಇರುವುದು ಹೋಗುವ ದಾರಿಯಲ್ಲಿ ಮತ್ತು ಹಿಂದಿರುಗಿ ಬರುವಾಗ. ಭಾರತದಿಂದ ಅಲ್ಲಿಗೆ ನೇರ ವಿಮಾನವಿಲ್ಲ. ನ್ಯೂಯಾರ್ಕ್ ಅಥವಾ ಮಯಾಮಿ ಮೂಲಕ ಹೋಗುವುದಾದರೆ ನೀವು ಅಲ್ಲಿ ಎರಡೇ ಗಂಟೆ ಇದ್ದರೂ ಅಮೆರಿಕದ ವೀಸಾ ಬೇಕೇ ಬೇಕು. ಲಂಡನ್ ಮೂಲಕವಾದರೂ ನಮ್ಮವರಿಗೆ ಸಾಮಾನ್ಯವಾಗಿ ಟ್ರಾನ್ಸಿಟ್ ವೀಸಾ ಅಗತ್ಯ. ಕೆಲವು ದೇಶಗಳ ಚಾಲ್ತಿಯಲ್ಲಿರುವ ವೀಸಾ ಇದ್ದವರಿಗೆ ಮಾತ್ರ ವಿನಾಯಿತಿ ಇದೆ. ಆದ್ದರಿಂದ ಟಿಕೆಟ್ ದರ ನೋಡುವ ಮೊದಲು ಯಾವ ದಾರಿಯ ವೀಸಾ ನಿಮ್ಮ ಬಳಿ ಇದೆ ಎಂಬುದನ್ನು ನೋಡಿ.

ಎರಡನೆಯದು ಹಳದಿ ಜ್ವರದ ಲಸಿಕೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಟ್ರಿನಿಡಾಡ್ ನಿಮ್ಮನ್ನು ಇದನ್ನು ಕೇಳುವುದಿಲ್ಲ. ಕೇಳುವುದು ನಮ್ಮ ದೇಶ. ಹಳದಿ ಜ್ವರದ ಅಪಾಯವಿರುವ ದೇಶಗಳ ನಮ್ಮ ಸರ್ಕಾರದ ಪಟ್ಟಿಯಲ್ಲಿ ಟ್ರಿನಿಡಾಡ್ ಇದೆ. ಅಲ್ಲಿಂದ ಹೊರಟು ಆರು ದಿನಗಳೊಳಗೆ ಪ್ರಮಾಣಪತ್ರವಿಲ್ಲದೆ ಭಾರತಕ್ಕೆ ಬಂದಿಳಿದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ನನ್ನ ಮೊದಲ ಪ್ರಯಾಣದ ಟಿಕೆಟ್ ಮಾಡಿಸಿಕೊಟ್ಟವರು ಇದರ ಸುದ್ದಿಯನ್ನೇ ಎತ್ತಲಿಲ್ಲ. ಹಿಂದಿರುಗಿದಾಗ ಅಪ್ಪ ಹೊರಗೆ ಹೂವಿನ ಹಾರ ಹಿಡಿದು ನಿಂತಿದ್ದರು, ನಾನು ಒಳಗೆ ಆರೋಗ್ಯಾಧಿಕಾರಿಯ ಮೇಜಿನ ಮುಂದೆ ಕುಳಿತಿದ್ದೆ. ಮನೆ ಸೇರಿದ್ದು ಐದು ದಿನಗಳ ನಂತರ. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ಬಳಿಕವಷ್ಟೇ ಲಸಿಕೆಯ ಪ್ರಮಾಣಪತ್ರವಾದ ಹಳದಿ ಪುಸ್ತಿಕೆ ಮಾನ್ಯವಾಗುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಸರ್ಕಾರ ಅನುಮೋದಿಸಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಿ. ಅರವತ್ತು ದಾಟಿದವರು ಮತ್ತು ಮೊಟ್ಟೆಯ ಅಲರ್ಜಿ ಇರುವವರು ಮೊದಲು ವೈದ್ಯರೊಡನೆ ಮಾತನಾಡಬೇಕು.

ದಿನಾಂಕದ ಬಗ್ಗೆಯೂ ಒಂದು ಮಾತು. ಕ್ರೈಸ್ತರ ವಿಭೂತಿ ಬುಧವಾರಕ್ಕೆ (ಆಶ್ ವೆಡ್ನೆಸ್‌ಡೇ) ಹಿಂದಿನ ಸೋಮವಾರ ಮತ್ತು ಮಂಗಳವಾರ ಅಲ್ಲಿ ಕಾರ್ನಿವಲ್ ಎಂಬ ದೊಡ್ಡ ಬೀದಿ ಹಬ್ಬ. ಸರ್ಕಾರಿ ರಜಾಪಟ್ಟಿಯಲ್ಲಿ ಆ ಎರಡು ದಿನಗಳು ಕಾಣುವುದಿಲ್ಲ, ಆದರೆ ಕಚೇರಿಗಳಲ್ಲಿ ಯಾರೂ ಸಿಗುವುದಿಲ್ಲ. ಅದಕ್ಕೂ ಮುಂಚಿನ ವಾರದಿಂದಲೇ ಹೋಟೆಲ್ ದರ ವಿಪರೀತ ಏರಿರುತ್ತದೆ. ಫೆಬ್ರವರಿಯನ್ನು ಆರಿಸುವ ಮೊದಲು ಆ ವರ್ಷದ ವಿಭೂತಿ ಬುಧವಾರ ಯಾವಾಗ ಎಂದು ಕ್ಯಾಲೆಂಡರ್ ನೋಡಿಕೊಳ್ಳಿ.

ಮೋಟಾರ್ ವಿಭಾಗದ ಎಂಜಿನಿಯರ್:
ವೀಸಾದ ವಿಷಯ ಮೇಲಿನವರು ಹೇಳಿದ್ದಾರೆ. ನಿಮ್ಮ ಪಂಪ್‌ನ ಬಗ್ಗೆ ನನಗೆ ಆತಂಕವಿದೆ. ಟ್ರಿನಿಡಾಡ್‌ನ ವಿದ್ಯುತ್ 60 ಹರ್ಟ್ಸ್, ನಮ್ಮದು 50. ಇಲ್ಲಿ 1500 ಆರ್‌ಪಿಎಂ ಎಂದು ಲೆಕ್ಕ ಹಾಕುವ ನಾಲ್ಕು ಪೋಲ್‌ನ ಮೋಟಾರ್ ಅಲ್ಲಿ 1800ರ ಲೆಕ್ಕದಲ್ಲಿ ತಿರುಗುತ್ತದೆ. ವೇಗ ಶೇಕಡ 20ರಷ್ಟು ಹೆಚ್ಚಾದರೆ ಹೆಡ್, ಅಂದರೆ ಪಂಪ್ ನೀರನ್ನು ಎತ್ತಬಲ್ಲ ಎತ್ತರ, ಶೇಕಡ 44ರಷ್ಟು ಏರುತ್ತದೆ, ಪಂಪ್ ಎಳೆಯುವ ಶಕ್ತಿಯಂತೂ ಸುಮಾರು ಶೇಕಡ 73ರಷ್ಟು ಏರುತ್ತದೆ. ಪೀಣ್ಯದಲ್ಲಿ ತಣ್ಣಗೆ ಓಡಿದ ಪಂಪ್ ಅಲ್ಲಿ ಗ್ರಾಹಕರ ಕಣ್ಣೆದುರೇ ಓವರ್‌ಲೋಡ್ ಆಗಿ ಟ್ರಿಪ್ ಆಗುವುದಕ್ಕೆ ಇಷ್ಟೇ ಸಾಕು. ಒಂದೋ 60 ಹರ್ಟ್ಸ್‌ಗೆ ತಕ್ಕಂತೆ ಇಂಪೆಲ್ಲರ್ (ಪಂಪ್‌ನೊಳಗೆ ತಿರುಗುವ ಚಕ್ರ) ವ್ಯಾಸವನ್ನು ತಗ್ಗಿಸಿ ಮೋಟಾರನ್ನು ಹೊಸದಾಗಿ ಆಯ್ಕೆ ಮಾಡಿ, ಇಲ್ಲವೇ ವಿದ್ಯುತ್ತಿನ ಹರ್ಟ್ಸ್ ಬದಲಿಸಿ ಮೋಟಾರ್ ವೇಗ ನಿಯಂತ್ರಿಸುವ ವಿಎಫ್‌ಡಿ ಸಾಧನವನ್ನು ಜೊತೆಗೆ ಒಯ್ದು 50 ಹರ್ಟ್ಸ್‌ನಲ್ಲೇ ಓಡಿಸಿ. ಕಾರ್ಖಾನೆಯೊಳಗಿನ ಮೂರು ಫೇಸ್ ವೋಲ್ಟೇಜ್ ಎಷ್ಟು, ಪೈಪ್ ಜೋಡಿಸುವ ಫ್ಲ್ಯಾಂಜ್ ಯಾವ ಮಾನದಂಡದ್ದು ಎಂಬುದನ್ನು ಅವರಿಂದಲೇ ಬರೆಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದನ್ನು ನೆಚ್ಚಬೇಡಿ.

ಹೋಟೆಲ್ ಕೋಣೆಯಲ್ಲಿ ಸಿಗುವುದು 115 ವೋಲ್ಟ್, ಪ್ಲಗ್ ಅಮೆರಿಕದ ಚಪ್ಪಟೆ ಕಡ್ಡಿಯದು. ಫೋನ್, ಲ್ಯಾಪ್‌ಟಾಪ್ ಚಾರ್ಜರ್‌ಗಳಿಗೆ ಅಡಾಪ್ಟರ್ ಸಾಕು. ನಮ್ಮ ಮನೆಯ ಕೆಟಲ್ ಅಲ್ಲಿ ನೀರನ್ನು ಉಗುರುಬೆಚ್ಚಗೆ ಮಾಡಲೂ ಒದ್ದಾಡುತ್ತದೆ.

ಮೈಸೂರಿನ ಗೃಹಿಣಿ, ಮಗಳು ಟ್ರಿನಿಡಾಡ್‌ನಲ್ಲಿ:
ಊಟದ ಚಿಂತೆಯನ್ನು ನಿಮ್ಮ ಪತ್ನಿ ಬಿಟ್ಟುಬಿಡಲಿ. 1845ರ ಮೇ 30ರಂದು ಫತೇಲ್ ರಜಾಕ್ ಹಡಗಿನಲ್ಲಿ ಬಂದಿಳಿದವರಿಂದ ಮೊದಲಾಗಿ 1917ರವರೆಗೆ ಕರಾರು ಕೂಲಿಗಳಾಗಿ ಹೋದ ನಮ್ಮ ಜನ, ಅದರಲ್ಲೂ ಹೆಚ್ಚಾಗಿ ಭೋಜಪುರಿ ಸೀಮೆಯವರು, ಆ ನೆಲದಲ್ಲಿ ತಮ್ಮ ಅಡುಗೆಯನ್ನು ಉಳಿಸಿಕೊಂಡಿದ್ದಾರೆ. ಬೆಳಗಿನ ತಿಂಡಿ ಡಬಲ್ಸ್: ರಸ್ತೆಬದಿಯ ಅಂಗಡಿಯವನು ಅಂಗೈಯ ಮೇಲೆ ಕಾಗದ ಹರಡಿ, ಅರಿಸಿನ ಬಣ್ಣದ ಎರಡು ಮೆತ್ತನೆಯ ಬರಾ (ಎಣ್ಣೆಯಲ್ಲಿ ಕರಿದ ರೊಟ್ಟಿ) ಇಟ್ಟು, ಬಿಸಿ ಕಡಲೆಯ ಸಾರು ಸುರಿದು, ಹುಣಸೆ ಮತ್ತು ಸೌತೆಕಾಯಿ ಸೇರಿಸಿ ಕಾಗದದ ತುದಿಯನ್ನು ಒಂದೇ ಸುತ್ತಿಗೆ ಮುರುಟುತ್ತಾನೆ. ಖಾರ ಎಷ್ಟು ಎಂದು ಕೇಳಿದಾಗ 'ಸ್ಲೈಟ್' ಎಂದೇ ಹೇಳಿ. ಅಲ್ಲಿನ ಮೆಣಸಿನಕಾಯಿ ನಮ್ಮ ಬ್ಯಾಡಗಿಯಂತಲ್ಲ. ದಾಲ್‌ಪುರಿ, ಬದನೆಯ ಚೋಖಾ, ಭಾಜಿ ಎಲ್ಲ ಕಡೆಯೂ ಸಿಗುತ್ತವೆ.

ಪಾಯಿಂಟ್ ಲಿಸಾಸ್‌ಗೆ ಹತ್ತಿರದ ಕಾರಾಪಿಚೈಮಾದಲ್ಲಿ ದತ್ತಾತ್ರೇಯ ದೇವಸ್ಥಾನವಿದೆ, ಅದರ ಮುಂದೆ 85 ಅಡಿಯ ಹನುಮಂತ. ಅದು ನಮ್ಮ ಮೈಸೂರಿನ ದತ್ತಪೀಠದ ಶ್ರೀ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಪರಂಪರೆಗೆ ಸೇರಿದ್ದು. ದಕ್ಷಿಣ ಭಾರತದ ಶೈಲಿಯ ಆ ಗೋಪುರವನ್ನು ಕಬ್ಬು ಬೆಳೆಯುತ್ತಿದ್ದ ಬಯಲಿನ ನಡುವೆ ಕಂಡಾಗ ನನಗೆ ಕಣ್ಣು ತುಂಬಿ ಬಂದಿತ್ತು.

ಸೈನಿಕರ ಬಟ್ಟೆಯಂತಹ ಮಚ್ಚೆಗಳಿರುವ ಉಡುಪು, ಟೋಪಿ, ಚೀಲ ಯಾವುದನ್ನೂ ಒಯ್ಯಬೇಡಿ. ಅದನ್ನು ಸಾರ್ವಜನಿಕರು ಧರಿಸುವುದು ಅಲ್ಲಿ ಅಪರಾಧ. ಟ್ಯಾಕ್ಸಿ ಕಾರುಗಳ ನಂಬರ್ ಫಲಕ 'ಎಚ್' ಅಕ್ಷರದಿಂದ ಆರಂಭವಾಗುತ್ತದೆ, 'ಪಿ' ಇದ್ದರೆ ಖಾಸಗಿ, ಅಂಥದಕ್ಕೆ ಹತ್ತಬೇಡಿ. ಹಸಿರು ಪಟ್ಟಿಯ ಮ್ಯಾಕ್ಸಿ ಟ್ಯಾಕ್ಸಿಗಳು (ಹಲವರು ಒಟ್ಟಿಗೆ ಹೋಗುವ ವ್ಯಾನ್‌ಗಳು) ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಿಂದ ಚಗುವಾನಾಸ್ ಮತ್ತು ಸ್ಯಾನ್ ಫರ್ನಾಂಡೋ ಕಡೆಗೆ ಓಡುತ್ತವೆ. ಆದರೆ ಕತ್ತಲಾದ ಮೇಲೆ ಪರಿಚಯದ ಚಾಲಕನನ್ನೇ ಕರೆಸಿಕೊಳ್ಳಿ. ಅಪರಾಧಗಳು ಹೆಚ್ಚಿದ ಕಾರಣಕ್ಕೆ 2024ರ ಡಿಸೆಂಬರ್ 30ರಂದು ಅಲ್ಲಿ ತುರ್ತು ಪರಿಸ್ಥಿತಿ ಘೋಷಿಸಬೇಕಾಗಿ ಬಂದಿತ್ತು. ಪೊಲೀಸರಿಗೆ 999, ಆಂಬುಲೆನ್ಸ್‌ಗೆ 811.

ಪೀಣ್ಯದ ಪಂಪ್ ತಯಾರಕ:
ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. 60 ಹರ್ಟ್ಸ್ ವಿಷಯ ನಮ್ಮ ತಂಡದಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ. ಇಂದು ಬೆಳಿಗ್ಗೆಯೇ ಪರೀಕ್ಷಾ ವಿಭಾಗಕ್ಕೆ ತಿಳಿಸಿದ್ದೇನೆ. ಉಳಿದಿರುವುದು ಒಂದೇ ಪ್ರಶ್ನೆ: ಖರ್ಚಿಗೆ ಎಷ್ಟು ಹಣವನ್ನು ಬದಲಾಯಿಸಿಕೊಳ್ಳಬೇಕು, ಮತ್ತು ಆರ್ಡರ್ ಸಿಕ್ಕರೆ ಹಣ ಪಾವತಿಯನ್ನು ಹೇಗೆ ಗೊತ್ತುಪಡಿಸಿಕೊಳ್ಳುವುದು ಒಳ್ಳೆಯದು?

ಕೂವಾದಲ್ಲಿ ನಾಲ್ಕು ವರ್ಷ ಇದ್ದವನು:
ಒಂದು ಅಮೆರಿಕನ್ ಡಾಲರ್‌ಗೆ ಅಲ್ಲಿನ ಹಣವಾದ ಟಿಟಿ (ಟ್ರಿನಿಡಾಡ್ ಮತ್ತು ಟೊಬೇಗೊ) ಡಾಲರ್ ಆರೂಮುಕ್ಕಾಲರ ಆಸುಪಾಸು ಸಿಗುತ್ತದೆ. ಎರಡು ಮೂರು ದಿನಗಳಿಗೆ ಬೇಕಾದಷ್ಟನ್ನೇ ಬದಲಾಯಿಸಿಕೊಳ್ಳುತ್ತಾ ಹೋಗಿ, ಏಕೆಂದರೆ ಅಲ್ಲಿ ಬಹಳ ವರ್ಷಗಳಿಂದ ವಿದೇಶಿ ವಿನಿಮಯದ ಅಭಾವವಿದ್ದು, ಉಳಿದ ಟಿಟಿ ಡಾಲರನ್ನು ಮರಳಿ ಅಮೆರಿಕನ್ ಡಾಲರ್ ಮಾಡಿಸಿಕೊಳ್ಳುವುದು ಬಹಳ ಕಷ್ಟ. ಬೆಂಗಳೂರಿಗೆ ಬಂದರೆ ಅದನ್ನು ಯಾರೂ ಕೇಳುವುದಿಲ್ಲ.

ಪಾವತಿಗೂ ಇದೇ ಕಾರಣ ಅನ್ವಯಿಸುತ್ತದೆ. ಗ್ರಾಹಕರು ಪ್ರಾಮಾಣಿಕರಾಗಿದ್ದು ಖಾತೆಯಲ್ಲಿ ಟಿಟಿ ಡಾಲರ್ ತುಂಬಿದ್ದರೂ, ಬ್ಯಾಂಕು ಅಮೆರಿಕನ್ ಡಾಲರ್ ಒದಗಿಸುವವರೆಗೆ ನಿಮ್ಮ ಬಿಲ್ಲು ತಿಂಗಳುಗಟ್ಟಲೆ ಕಾಯಬೇಕಾದೀತು. ಅಮೋನಿಯಾ, ಮೆಥನಾಲ್ ರಫ್ತು ಮಾಡುವ ಕಾರ್ಖಾನೆಗೆ ಸ್ವಂತ ಡಾಲರ್ ಆದಾಯ ಇರುತ್ತದೆ, ನಡುವಿನ ಸ್ಥಳೀಯ ವಿತರಕನಿಗೆ ಇರುವುದಿಲ್ಲ. ಆದ್ದರಿಂದ ಸಾಧ್ಯವಾದರೆ ಕಾರ್ಖಾನೆಯೊಡನೆಯೇ ಒಪ್ಪಂದ ಮಾಡಿಕೊಳ್ಳಿ. ವಿತರಕನೇ ಕೊಳ್ಳುವುದಾದರೆ, ಹೊರದೇಶದ ಬ್ಯಾಂಕೊಂದು ದೃಢೀಕರಿಸಿದ ಲೆಟರ್ ಆಫ್ ಕ್ರೆಡಿಟ್ (ಹಣ ಕೊಡುವ ಬ್ಯಾಂಕಿನ ಭರವಸೆ ಪತ್ರ) ಕೈಗೆ ಬಂದ ಮೇಲಷ್ಟೇ ಸರಕು ಕಳುಹಿಸಿ. ಅವರೊಡನೆ ಮಾತನಾಡಲು ಸಂಜೆ ಆರೂವರೆಯ ನಂತರ ಕರೆ ಮಾಡಿ, ಆಗ ಅಲ್ಲಿ ಬೆಳಗಿನ ಒಂಬತ್ತು ಗಂಟೆ.